ಟೊಮೇಟೊ ಹಬ್ಬಕ್ಕೆ ಗಂಗುಲಮ್ಮನ ಸೀರೆ

ಸ್ಪೇನ್ ದೇಶದಿಂದ ಪಿಲ್ಲಮ್ಮನ ಕಾಗದ ಬಂದ ಹೊತ್ತಿಗೆ ಗಂಗುಲಮ್ಮ ಅಂಗಳದಲ್ಲಿ ಕಾಲು ಚಾಚಿ ಕೂತು ಹುಣಿಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. 1993ರ ಮೇ ತಿಂಗಳು. ಚಿಂತಾಮಣಿಯಿಂದ ಕೈವಾರದ ಕಡೆಗೆ ಹೋಗುವ ಬಸ್ಸು ಕೈ ಅಡ್ಡ ಹಿಡಿದರೆ ಮಾತ್ರ ನಿಲ್ಲುವ ಊರು ಅವಳದು. ಊರಿಂದ ಕೂಗಳತೆ ದೂರದಲ್ಲಿ ಕೇರಿ. ಕೂಗಿದರೆ ಕೇಳಿಸಬೇಕು, ಮೈ ಮಾತ್ರ ತಾಕಬಾರದು. ಈ ಸೀಮೆಯ ಹಿರಿಯರು ಕೇರಿಗಳನ್ನು ಇಟ್ಟಿದ್ದೇ ಆ ಅಳತೆಯಲ್ಲಿ.

ಕಾಗದ ಓದಿದವಳು ಮಗಳು ಅನಸೂಯಮ್ಮ. ಅಂಗನವಾಡಿಯಲ್ಲಿ ಟೀಚರು, ಇಪ್ಪತ್ತಮೂರರ ಹುಡುಗಿ. ಕಾಗದ ಕನ್ನಡದಲ್ಲೇ ಇತ್ತು. ಅಕ್ಷರಗಳು ಮಾತ್ರ ಆಗತಾನೇ ನಡೆಯಲು ಕಲಿತ ಮಕ್ಕಳ ಹಾಗೆ ಒಂದು ಆ ಕಡೆಗೆ, ಒಂದು ಈ ಕಡೆಗೆ ವಾಲುತ್ತಿದ್ದವು.

“ಗಂಗುಲು, ಈ ವರ್ಷ ನೀನು ಬರಲೇಬೇಕು. ಟಿಕೆಟ್ ಆಯಿತು. ನಮ್ಮ ಪಕ್ಕದ ಊರಲ್ಲಿ ಆಗಸ್ಟ್ ಕೊನೇ ಬುಧವಾರ ಒಂದು ಹಬ್ಬ. ಲಾರಿಯಲ್ಲಿ ಟೊಮೇಟೊ ಬರುತ್ತೆ. ಒಂದು ಗಂಟೆ ಎಲ್ಲರೂ ಎಲ್ಲರಿಗೂ ಹೊಡೀತಾರೆ. ಕೈಯಲ್ಲಿ ಹಿಸುಕಿ ಹೊಡೀಬೇಕು, ನೋವಾಗಬಾರದು. ಯಾರಿಗೂ ಕೋಪ ಇಲ್ಲ. ಹುಡುಗಿ ಆಗಿದ್ದಾಗ ನಾನು ಹೋಗಿದ್ದೆ. ಈಗ ಮಂಡಿ ನೋವು. ನೀನು ಬಂದರೆ ನಿನ್ನ ಕೈ ಹಿಡ್ಕೊಂಡು ಇನ್ನೊಂದು ಸಾರಿ ಹೋಗ್ತೀನಿ. ಹಳೇ ಬಟ್ಟೆ ತಗೊಂಡು ಬಾ. ಹಬ್ಬ ಆದ ಮೇಲೆ ಬಿಸಾಕೋದು.”

ಗಂಗುಲಮ್ಮನ ಕೈ ಹುಣಿಸೆಹಣ್ಣಿನಲ್ಲೇ ನಿಂತಿತು.

“ಕೊನೇದು ಇನ್ನೊಂದು ಸಾರಿ ಓದು.”

“ಹಳೇ ಬಟ್ಟೆ ತಗೊಂಡು ಬಾ. ಹಬ್ಬ ಆದ ಮೇಲೆ ಬಿಸಾಕೋದು.”

“ಪಿಲ್ಲಮ್ಮಾನೇ ಬರೆದಿರೋದಾ?”

“ಅವ್ರದ್ದೇ ಕೈಬರಹ ಅಮ್ಮ. ಕಲೆ ಆಗುತ್ತಲ್ಲ, ಅದಕ್ಕೆ ಬರೆದಿದ್ದಾರೆ.”

“ಆ ಹೆಂಗಸು ನಂಗೆ ಹಂಗಂದಳಾ” ಎಂದು ಗಂಗುಲಮ್ಮ ಎದ್ದು ಒಳಗೆ ಹೋದಳು. ಪರದೇಶಕ್ಕೆ ಹೋಗುವ ಸಂಭ್ರಮವನ್ನು ಹಂಚಿಕೊಳ್ಳಲು ಬಂದಿದ್ದ ಪಕ್ಕದ ಮನೆ ಮುನಿಶಾಮಮ್ಮ ಬಾಗಿಲಲ್ಲೇ ನಿಂತು, ಬೀಜವನ್ನೂ ಹಣ್ಣನ್ನೂ ನೋಡುತ್ತಾ, “ಇದೇನಮ್ಮ, ಕರೆದಿದ್ದಕ್ಕೆ ಮುನಿಸಾ?” ಅಂದಳು.

ಮುನಿಸು ಯಾತಕ್ಕೆ ಅಂತ ತಿಳಿಯಬೇಕಾದರೆ ಹನ್ನೆರಡು ವರ್ಷ ಹಿಂದಕ್ಕೆ ಹೋಗಬೇಕು.

ಗಂಗುಲಮ್ಮ ಸೂಲಗಿತ್ತಿ. ಆ ಕಡೆಯ ತೆಲುಗಿನವರ ಬಾಯಲ್ಲಿ ಮಂತ್ರಸಾನಿ. ಅತ್ತೆಯಿಂದ ಬಂದ ಕೆಲಸ. ನಾಲ್ಕು ಹಳ್ಳಿಗಳಲ್ಲಿ ನಡೆದಾಡುವ ಅರ್ಧ ಜನ ಮೊದಲು ಬಿದ್ದದ್ದು ಅವಳ ಅಂಗೈಗೆ. ಗೌಡರ ಮನೆಯಾಗಲಿ, ಶೆಟ್ಟರ ಮನೆಯಾಗಲಿ, ಹೆರಿಗೆ ನೋವು ಶುರುವಾದ ಗಳಿಗೆಯಲ್ಲಿ ಅವಳಿಗೆ ನಡುಮನೆಯ ತನಕ ದಾರಿ ಇತ್ತು. ಮಗು ಬಿದ್ದು, ಹೊಕ್ಕುಳಬಳ್ಳಿ ಕೊಯ್ದು, ತಾಯಿಗೆ ನೀರು ಹಾಕಿ ಮುಗಿಯಿತೋ, ದಾರಿಯೂ ಮುಗಿಯಿತು. ಅವಳು ನಿಂತಿದ್ದ ಜಾಗಕ್ಕೆ ಸಗಣಿ ಬಳಿದು ಗಂಜಲ ಚಿಮುಕಿಸುತ್ತಿದ್ದರು. ಅವಳ ಕೈಗೆ ಬಿದ್ದ ಕೂಸು ಮಾತ್ರ ಮೈಲಿಗೆಯಲ್ಲ. ಈ ಶಾಸ್ತ್ರ ಬರೆದವರನ್ನು ಯಾವ ತಾಯಿ ಹೆತ್ತಳೋ, ಯಾವ ಸೂಲಗಿತ್ತಿ ಹಿಡಿದಳೋ.

ಆಮೇಲೆ ಜಗಲಿಯ ಮೇಲಿಂದ ಅವಳ ಮಡಿಲಿಗೆ ಎರಡು ಸೇರು ರಾಗಿ, ಒಂದು ಹಳೇ ಸೀರೆ. ಮೇಲಿಂದ ಬಿಡುವುದು, ಕೆಳಗಿಂದ ಹಿಡಿಯುವುದು. ಹಿಡಿಯುವುದರಲ್ಲಿ ಅವಳ ಕೈ ಪಳಗಿತ್ತು.

ಪಿಲ್ಲಮ್ಮ ಬಂದದ್ದು 1978ರಲ್ಲಿ. ಸ್ಪೇನ್ ದೇಶದ ನರ್ಸಮ್ಮ, ಹೆಸರು ಪಿಲಾರ್. ಕೇರಿಯ ಬಾಯಿಗೆ ಅದು ಮೂರೇ ದಿನದಲ್ಲಿ ಪಿಲ್ಲಮ್ಮ ಆಯಿತು. ರಸ್ತೆ ಬದಿಯಲ್ಲಿ ಮೂರು ಕೋಣೆಯ ಆಸ್ಪತ್ರೆ ಇಟ್ಟುಕೊಂಡು, ಸೈಕಲ್ಲಿನಲ್ಲಿ ಹಳ್ಳಿ ಹಳ್ಳಿ ತಿರುಗುತ್ತಿದ್ದಳು. ಕನ್ನಡ ಕಲಿತದ್ದು ಕೇರಿಯ ಹೆಂಗಸರಿಂದ. ಹಾಗಾಗಿ ಬಹುವಚನ ಅನ್ನುವುದು ಅವಳಿಗೆ ಗೊತ್ತೇ ಇರಲಿಲ್ಲ. ಪಂಚಾಯ್ತಿ ಚೇರ್ಮನ್ ಚೆನ್ನರಾಯಪ್ಪನಿಗೂ “ನೀನು ಕುತ್ಕೊಳಪ್ಪ, ಬಾಯಿ ಬಿಡು” ಅನ್ನುತ್ತಿದ್ದಳು. ಅವನು ಬಾಯಿ ಬಿಡುತ್ತಿದ್ದ. ಕೇರಿಯ ಜನ ಆಸ್ಪತ್ರೆಗೆ ಹೋಗುತ್ತಿದ್ದದ್ದರಲ್ಲಿ ಕಾಯಿಲೆ ಅರ್ಧ, ಆ ಸುಖ ಅರ್ಧ.

1981ರಲ್ಲಿ ಒಂದು ದಿನ ಅವಳೂ ಗಂಗುಲಮ್ಮನೂ ಚೆನ್ನರಾಯಪ್ಪನ ಮನೆಯಲ್ಲಿ ಹೆರಿಗೆ ಮಾಡಿಸಿ ವಾಪಸು ಬರುತ್ತಿದ್ದರು. ಗಂಗುಲಮ್ಮನ ತೋಳಿನ ಮೇಲೆ ಆ ಮನೆಯ ಯಜಮಾನಿ ವರಲಕ್ಷ್ಮಮ್ಮ ಜಗಲಿಯಿಂದ ಬಿಟ್ಟಿದ್ದ ಸೀರೆ. ಪಿಲ್ಲಮ್ಮ ಸೈಕಲ್ ತಳ್ಳುತ್ತಾ ಕೇಳಿದಳು: “ಗಂಗುಲು, ನಿನ್ನ ಮೈಮೇಲೆ ಇರೋದ್ರಲ್ಲಿ ನೀನು ಕೊಂಡಿದ್ದು ಯಾವುದು?”

ಗಂಗುಲಮ್ಮ ನಗುತ್ತಲೇ ನೋಡಿಕೊಂಡಳು. ಸೀರೆ ಇದೇ ವರಲಕ್ಷ್ಮಮ್ಮನದು. ಕುಪ್ಪಸ ಶೆಟ್ಟರ ಹೆಂಡತಿಯದು. ಒಳಗಿನ ಲಂಗ ಮಾಸ್ತರ ಮನೆಯದು. ಕಾಲಿಗೆ ಏನೂ ಇರಲಿಲ್ಲ. ಕೊನೆಗೆ ಜಡೆ ಮುಟ್ಟಿ, “ಈ ದಾರ ಕಣಮ್ಮ, ಇದು ನಂದೇ” ಅಂದಳು. ಪಿಲ್ಲಮ್ಮ ನಗಲಿಲ್ಲ. ಮನೆಗೆ ಬಂದ ಮೇಲೆ ಗಂಗುಲಮ್ಮನ ನಗುವೂ ನಿಂತಿತು.

ಮುಂದಿನ ಹೆರಿಗೆಯಲ್ಲಿ ಸೀರೆ ಜಗಲಿಯಿಂದ ಬಿದ್ದಾಗ ಅವಳು ಮಡಿಲು ಒಡ್ಡಲಿಲ್ಲ. ಸೀರೆ ನೆಲಕ್ಕೆ ಬಿತ್ತು. “ರಾಗಿ ಕೊಡಿ, ಕಾಸು ಕೊಡಿ. ಹಳೇ ಬಟ್ಟೆ ಬೇಡ” ಅಂದಳು. ಊರು ಅದನ್ನು ಒಂದು ವರ್ಷ ಮಾತಾಡಿತು. ವರಲಕ್ಷ್ಮಮ್ಮ ಮೂರು ವರ್ಷ ಅವಳಿಗೆ ಹೇಳಿಕಳಿಸಲಿಲ್ಲ. ನಾಲ್ಕನೆಯ ವರ್ಷ ಸೊಸೆಯ ಹೊಟ್ಟೆಯಲ್ಲಿ ಕೂಸು ಅಡ್ಡ ತಿರುಗಿದಾಗ ಬಾಯಿ ಮುಚ್ಚಿಕೊಂಡು ಹೇಳಿಕಳಿಸಿದಳು. ಅಂದಿನಿಂದ ಗಂಗುಲಮ್ಮ ಇನ್ನೊಬ್ಬರು ಉಟ್ಟು ಬಿಟ್ಟದ್ದನ್ನು ಮೈಗೆ ತಾಕಿಸಿರಲಿಲ್ಲ. ಇದ್ದದ್ದು ನಾಲ್ಕೇ ಸೀರೆ, ನಾಲ್ಕೂ ಅಂಗಡಿಯಿಂದ ಮಡಿಕೆ ಮುರಿಯದೆ ಬಂದವು.

ಇಷ್ಟೆಲ್ಲಕ್ಕೆ ಕಾರಣಳಾದ ಪಿಲ್ಲಮ್ಮ 1989ರಲ್ಲಿ ವಯಸ್ಸಾಯಿತೆಂದು ತನ್ನ ದೇಶಕ್ಕೆ ಹೋದಳು. ಹೋದವಳು ಈಗ ಬರೆದಿದ್ದಾಳೆ, ಹಳೇ ಬಟ್ಟೆ ತಗೊಂಡು ಬಾ.

“ಇರೋ ನಾಲ್ಕರಲ್ಲಿ ಒಂದು ಹಳೇದು ಇಲ್ವಾ ಅಮ್ಮ?” ಅನಸೂಯಮ್ಮ ಸಮಾಧಾನಕ್ಕೆ ಕೇಳಿದಳು.

ಇರಲಿಲ್ಲ. ಅದಕ್ಕೂ ಕಾರಣವಿತ್ತು. ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಾಕುವ ಪದ್ಧತಿ ಇಲ್ಲ. ಒಗೆದು ಒಗೆದು ಬೆಣ್ಣೆಯ ಹಾಗಾದ ನೂಲಿನ ಬಟ್ಟೆಯಲ್ಲೇ ಸುತ್ತಬೇಕು. ಕೇರಿಯ ಬಡವರ ಮನೆಗಳಲ್ಲಿ ಅಂಥ ಬಟ್ಟೆಗೂ ಗತಿ ಇರಲಿಲ್ಲ. ಹೀಗಾಗಿ ತನ್ನ ಸೀರೆ ಮೆತ್ತಗಾಗುತ್ತಾ ಬಂದ ಕೂಡಲೇ ಗಂಗುಲಮ್ಮ ಅದನ್ನು ಮೊಳ ಮೊಳ ಹರಿದು, ಕುದಿಸಿ, ಬಿಸಿಲಲ್ಲಿ ಒಣಗಿಸಿ, ತಗಡಿನ ಪೆಟ್ಟಿಗೆಯಲ್ಲಿ ಇಟ್ಟುಬಿಡುತ್ತಿದ್ದಳು. ಅವಳ ಹಳೇ ಸೀರೆಗಳು ಕೇರಿ ತುಂಬಾ ಮಕ್ಕಳಿಗೆ ಹಂಚಿಹೋಗಿದ್ದವು. ಬಿಸಾಕುವ ಬಟ್ಟೆ ಅನ್ನುವ ವಸ್ತು ಆ ಮನೆಯಲ್ಲಿ ಎಂದೂ ಇದ್ದಿರಲಿಲ್ಲ.

“ನಾನು ಹೋಗಲ್ಲ ಅಂತ ಬರೆದುಬಿಡು” ಅಂದಳು.

ಅಂದವಳಿಗೇ ಆ ಮಾತು ನುಂಗಲು ಕಷ್ಟವಾಯಿತು. ಹೋಗಲೇಬೇಕೆಂದು ಹಿಂದಿನ ವರ್ಷವೇ ಪಾಸ್‌ಪೋರ್ಟ್ ಆಗಿತ್ತು. ಬೆಂಗಳೂರಿನ ಆ ಕಚೇರಿಯಲ್ಲಿ ಹುಟ್ಟಿದ ತಾರೀಕು ಕೇಳಿದಾಗ, ನಾಲ್ಕು ಹಳ್ಳಿಯ ಮಕ್ಕಳ ದಿನ, ವಾರ, ಗಳಿಗೆ ಬಾಯಲ್ಲಿಟ್ಟುಕೊಂಡಿದ್ದವಳು ತನ್ನದು ಗೊತ್ತಿಲ್ಲದೆ ತಲೆ ತಗ್ಗಿಸಿದ್ದಳು. ಅನಸೂಯಮ್ಮ ಜುಲೈ ಒಂದು ಅಂತ ಬರೆಸಿದ್ದಳು. ಅಷ್ಟೆಲ್ಲ ಪಟ್ಟ ಪಾಡು. ಎಲ್ಲಕ್ಕಿಂತ ಹೆಚ್ಚಾಗಿ, ನಿನ್ನ ಕೈ ಹಿಡ್ಕೊಂಡು ಇನ್ನೊಂದು ಸಾರಿ ಹೋಗ್ತೀನಿ ಅಂತ ಬರೆದಿದ್ದಳಲ್ಲ ಆ ಮುದುಕಿ. ಆ ಮಾತು ಎದೆಯಲ್ಲಿ ಕೂತುಬಿಟ್ಟಿತ್ತು. ಹೋಗದಿದ್ದರೆ ಗೆಳತಿಯ ಆಸೆ ಮಣ್ಣಾಗುತ್ತೆ. ಯಾರದೋ ಹಳೇ ಸೀರೆ ಉಟ್ಟು ಹೋದರೆ ಹನ್ನೆರಡು ವರ್ಷದ ಹಟ ಮಣ್ಣಾಗುತ್ತೆ.

ಸುದ್ದಿ ಊರಿಗೆ ಹೋಯಿತು. ಗಂಗುಲಮ್ಮನಿಗೆ ಹಳೇ ಬಟ್ಟೆ ಬೇಕಂತೆ ಅನ್ನುವಷ್ಟು ಮಾತ್ರ ಹೋಯಿತು. ಮಾರನೆಯ ದಿನವೇ ವರಲಕ್ಷ್ಮಮ್ಮನ ಮನೆಯ ಆಳು ಕೊಂಡಪ್ಪ ಒಂದು ಗಂಟು ಹೊತ್ತು ತಂದ. ಗಂಗುಲಮ್ಮ ಗಂಟು ಬಿಚ್ಚದೆ ಅವನ ತಲೆ ಮೇಲೇ ವಾಪಸು ಕಳಿಸಿದಳು. ಸಾಯಂಕಾಲ ವರಲಕ್ಷ್ಮಮ್ಮನೇ ಬಂದಳು. ಕೇರಿಯ ಒಳಕ್ಕೆ ಬರಲಿಲ್ಲ. ಊರಿಗೂ ಕೇರಿಗೂ ನಡುವಿನ ಹುಣಿಸೆಮರದ ಹತ್ತಿರ ನಿಂತು ಕರೆದಳು. ಅರವತ್ತು ದಾಟಿದ ದಪ್ಪ ಹೆಂಗಸು, ಬಾಯಿ ಜೋರು, ಕೈ ಧಾರಾಳ. ಕೊಡುವುದು ಅವಳಿಗೆ ಚಟ. ಪಡೆಯುವವರ ಮುಖ ನೋಡುವುದು ಮಾತ್ರ ಅಭ್ಯಾಸವಿರಲಿಲ್ಲ.

“ಏನೇ ಗಂಗುಲು, ಬಿಸಾಕೋ ಬಟ್ಟೆಗೂ ನಿಂಗೆ ರೋಷಾನಾ?”

“ಬಿಸಾಕೋದಾದ್ರೆ ಇಲ್ಲೇ ಬಿಸಾಕಿ ಅಮ್ಮ. ನಿಮ್ಮ ಸೀರೆ ಬಿಸಾಕೋಕೆ ನಾನು ಇಮಾನ ಹತ್ತಬೇಕಾ?”

ವರಲಕ್ಷ್ಮಮ್ಮನಿಗೆ ನಗು ಬಂತು. ನಗಬಾರದೆಂದು ತಡೆದುಕೊಂಡಳು.

“ಕೊಬ್ಬು ಕಣೇ ನಿಂಗೆ. ಆ ಬಿಳೀ ಹೆಂಗಸು ಹಚ್ಚಿಹೋದ ಕೊಬ್ಬು.”

“ಹೂಂ ಅಮ್ಮ, ಅವಳೇ ಹಚ್ಚಿದ್ದು. ಈಗ ಇಳಿಸೋಕೆ ಕರೀತಾವ್ಳೆ.”

ಆ ದಿನ ಊಟಕ್ಕೆ ಕೂತಾಗ ಗಂಗುಲಮ್ಮ ದಾರಿ ಕಂಡುಕೊಂಡಳು. ಗಂಡ ಬಯ್ಯಪ್ಪ ಚಿಂತಾಮಣಿಯ ಟೊಮೇಟೊ ಮಂಡಿಯಲ್ಲಿ ಹಮಾಲಿ. ಬೆನ್ನು ಬಾಗಿದ್ದರೂ ನಾಲಿಗೆ ನೆಟ್ಟಗಿದ್ದ ಮನುಷ್ಯ. ಅವನ ತಟ್ಟೆಗೆ ಮುದ್ದೆ ಇಡುತ್ತಾ ಅವಳು ಹೇಳಿದಳು: “ಒಂದು ಹೊಸ ಸೀರೆ ತಗೋತೀನಿ. ಆಗಸ್ಟಿಗೆ ಮೂರು ತಿಂಗಳಿದೆ. ದಿನಾ ಉಟ್ಟು ಹಳೇದು ಮಾಡ್ತೀನಿ. ಆಗ ಅದು ಹಳೇದೂ ಆಯ್ತು, ನಂದೂ ಆಯ್ತು.”

ಬಯ್ಯಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿದ. “ನಾನು ನಿನ್ನ ಜೊತೆ ಮೂವತ್ತು ವರ್ಷ ಬಾಳಿ ಹಿಂಗೆ ಹಳೇದಾಗಿದೀನಿ. ಅದು ಮೂರು ತಿಂಗಳಿಗೆ ಆಗುತ್ತಾ?”

“ನೀನು ಕೆಲಸ ಮಾಡ್ದೆ ಹಳೇದಾದೆ. ಸೀರೆ ಕೆಲಸ ಮಾಡುತ್ತೆ.”

ಚಿಂತಾಮಣಿಯ ವೆಂಕಟರವಣಪ್ಪನ ಜವಳಿ ಅಂಗಡಿಯಲ್ಲಿ ಆದದ್ದನ್ನು ಅನಸೂಯಮ್ಮ ಆಮೇಲೆ ಎಷ್ಟೋ ಸಲ ನಟಿಸಿ ತೋರಿಸುತ್ತಿದ್ದಳು. ವೆಂಕಟರವಣಪ್ಪ ಹತ್ತು ಸೀರೆ ಬಿಚ್ಚಿ ಹಾಕಿದ. ಗಂಗುಲಮ್ಮ ಪ್ರತಿಯೊಂದನ್ನೂ ಬೆರಳಲ್ಲಿ ಉಜ್ಜಿ, “ಇದು ಗಟ್ಟಿ, ಬೇಡ” ಅನ್ನುತ್ತಾ ಹೋದಳು.

“ಗಟ್ಟಿ ಇರೋದು ಬೇಡ್ವಾ?”

“ಮೂರು ತಿಂಗಳಿಗೆ ಹಳೇದಾಗೋದು ಕೊಡಪ್ಪ.”

ಮೂವತ್ತು ವರ್ಷದ ವ್ಯಾಪಾರದಲ್ಲಿ ಯಾವ ಗಿರಾಕಿಯೂ ಆಡದ ಮಾತು. ವೆಂಕಟರವಣಪ್ಪನಿಗೆ ಅವಮಾನವಾಯಿತು. “ಅಂಥ ಮಾಲು ನಮ್ಮ ಅಂಗಡೀಲಿ ಇಡೋದಿಲ್ಲಮ್ಮ. ನಮ್ಮ ತಂದೆ ಕಾಲದಿಂದ ಬಂದ ಹೆಸರು.”

“ನಿಮ್ಮ ಹೆಸರು ಕೆಡಿಸಲ್ಲ. ಹಬ್ಬಕ್ಕೆ ಬೇಕು.”

“ಹಬ್ಬಕ್ಕೆ ಹಳೇ ಸೀರೇನಾ?” ಅವನು ಅನಸೂಯಮ್ಮನ ಮುಖ ನೋಡಿದ. ಅವಳು ಆಗಲೇ ಹೊರಗೆ ಹೋಗಿ ಕಂಬ ಹಿಡಿದು ನಗುತ್ತಿದ್ದಳು.

ಕೊನೆಗೆ ಹಸಿರು ಮೈ, ಹಳದಿ ಅಂಚಿನ ಒಂದು ನೂಲಿನ ಸೀರೆ ಆಯಿತು. ಕಾಗದದಲ್ಲಿ ಸುತ್ತಿಕೊಡುವಾಗ ವೆಂಕಟರವಣಪ್ಪ ಹಟಕ್ಕೆ ಬಿದ್ದವನಂತೆ ಹೇಳಿದ: “ನೋಡಮ್ಮ, ಇದು ಐದು ವರ್ಷ ಬರದಿದ್ರೆ ತಂದು ನನ್ನ ಮುಖದ ಮೇಲೆ ಹಾಕು.”

ಅವನ ಬಾಯಿ ಹರಕೆ ಫಲಿಸಿತು. ಸೀರೆ ಜಗ್ಗಲಿಲ್ಲ. ಜೂನ್ ತಿಂಗಳಿಡೀ ಗಂಗುಲಮ್ಮ ಅದನ್ನೇ ಉಟ್ಟು ಟೊಮೇಟೊ ತೋಟಗಳಿಗೆ ಕೂಲಿಗೆ ಹೋದಳು. ಟೊಮೇಟೊ ಗಿಡದ ಸೊನೆ ಬೆರಳಿಗೆಲ್ಲ ಹಸಿರು ಕರೆ ಹಿಡಿಸಿತು, ಹಸಿರು ಸೀರೆಗೆ ಏನೂ ಆಗಲಿಲ್ಲ. ಜುಲೈನಲ್ಲಿ ಮಂಡಿಗೆ ಹೋಗಿ ದಪ್ಪ ಹಣ್ಣು ಬೇರೆ, ಸಣ್ಣ ಹಣ್ಣು ಬೇರೆ ಆರಿಸುವ ಹೆಂಗಸರ ಜೊತೆ ಕೂತಳು. ರಾಗಿ ಹೊಲದಲ್ಲಿ ಕಳೆ ಕಿತ್ತಳು. ಸೌದೆ ಹೊತ್ತಳು. ಬಂಡೆಯ ಮೇಲೆ ದಿನಾ ಒಗೆದಳು. ಕೇರಿಯ ಹೆಂಗಸರು ಸಂಜೆ ಬಂದು ಸೆರಗು ಹಿಡಿದು ನೋಡುವುದು ವಾಡಿಕೆಯಾಯಿತು.

“ಏಮೇ ಗಂಗುಲು, ಪಾತ ಚೀರ ಆಯ್ತಾ?” ಸೀರೆ ಹಳೇದಾಯ್ತಾ ಅಂತ ಮುನಿಶಾಮಮ್ಮ ತೆಲುಗು ಬೆರೆಸಿ ಕೇಳುವಳು.

“ಎಲ್ಲಿ ಆಯ್ತು. ಉಟ್ಟಷ್ಟೂ ವಯಸ್ಸಿಗೆ ಬರ್ತಾ ಇದೆ ಮುಂಡೇದು.”

ಬಯ್ಯಪ್ಪನಿಗೆ ಹೆಂಡತಿಯ ಪಾಡು ನೋಡಲಾಗಲಿಲ್ಲ. ಒಂದು ಭಾನುವಾರ ಇಟ್ಟಿಗೆ ಚೂರು ಹಿಡಿದು ಬಂದ. “ತಾ ಇಲ್ಲಿ. ನಾಲ್ಕು ಸಾರಿ ಉಜ್ಜಿಬಿಡ್ತೀನಿ. ಯಾರಿಗೆ ಗೊತ್ತಾಗುತ್ತೆ.”

ಗಂಗುಲಮ್ಮ ಸೀರೆ ಕಿತ್ತುಕೊಂಡಳು. “ಇಟ್ಟಿಗೇಲಿ ಉಜ್ಜಿದ್ರೆ ಅದು ಹರುಕು ಕಣಯ್ಯ. ಉಟ್ಟು ಸವೆದ್ರೆ ಹಳೇದು. ಹರುಕು ಉಟ್ಕೊಂಡು ಹೋಗೋಕೆ ನಾನೇನು ಭಿಕ್ಷೆಗೆ ಹೋಗ್ತಿದೀನಾ?”

ಅವನು ಇಟ್ಟಿಗೆ ಚೂರನ್ನು ಬೇಲಿಯಾಚೆ ಎಸೆದ. ಮಾರನೆಯ ದಿನ ಮಂಡಿಯಿಂದ ಬರುವಾಗ, ಮಾರಾಟವಾಗದೆ ಉಳಿದ ಒಂದು ಬುಟ್ಟಿ ಹಣ್ಣು ಹೊತ್ತು ತಂದ. ಆ ವಾರ ಬೆಲೆ ಬಿದ್ದುಹೋಗಿ ಜನ ಟೊಮೇಟೊವನ್ನು ರಸ್ತೆ ಬದಿ ಸುರಿದು ಹೋಗುತ್ತಿದ್ದರು. ಬೆಳೆದವನು ಅಳುತ್ತಾ ಚೆಲ್ಲುವುದು ಇಲ್ಲಿನ ಪದ್ಧತಿ. ನಗುತ್ತಾ ಚೆಲ್ಲುವುದಕ್ಕೆ ಬೇರೆ ದೇಶಕ್ಕೇ ಹೋಗಬೇಕು.

“ಹೊಡೆಯೋದು ಕಲಿ” ಅಂದ ಬಯ್ಯಪ್ಪ. “ಅಲ್ಲಿ ಹೋಗಿ ನಮ್ಮ ಮಾನ ಕಳೀಬೇಡ.”

ಕೇರಿಯ ಹೆಂಗಸರೆಲ್ಲ ಅಂಗಳಕ್ಕೆ ಬಂದರು. ಮುನಿಶಾಮಮ್ಮ ಮೊದಲ ಹಣ್ಣನ್ನು ಹಿಸುಕಿ ಬೀಸಿದಳು, ಅದು ಬಯ್ಯಪ್ಪನ ಬೋಳು ತಲೆಗೆ ಬಿತ್ತು. ಆಮೇಲೆ ಯಾರಿಗೂ ತಡೆಯಿರಲಿಲ್ಲ. ಗಂಗುಲಮ್ಮನ ಕಡೆಗೆ ಬಂದ ಹಣ್ಣುಗಳು ಮಾತ್ರ ಅವಳನ್ನು ಮುಟ್ಟಲಿಲ್ಲ. ಎಲ್ಲಿಂದ ಎಸೆದರೂ ಅವಳ ಎರಡೂ ಕೈ ತಾವಾಗಿ ಮುಂದೆ ಬರುತ್ತಿದ್ದವು, ಹಣ್ಣು ಅಂಗೈಗೆ ಬಂದು ಕೂರುತ್ತಿತ್ತು, ಒಡೆಯದೆ. ಹಿಡಿದದ್ದನ್ನು ಅವಳು ಮೆಲ್ಲಗೆ ಬುಟ್ಟಿಗೆ ಇಡುತ್ತಿದ್ದಳು.

“ಅಮ್ಮ, ಹಿಡೀಬೇಡ, ಹೊಡಿ” ಅನಸೂಯಮ್ಮ ನಕ್ಕೂ ನಕ್ಕೂ ನೆಲಕ್ಕೆ ಕೂತಳು.

“ಬೀಳೋದನ್ನ ಹೆಂಗಮ್ಮ ಬಿಡೋದು?”

“ಅಲ್ಲಿ ನಿನ್ನ ಬುಟ್ಟಿ ತುಂಬಿಬಿಡುತ್ತೆ. ಮಂಡಿಗೆ ಹಾಕಿ ಬಾ” ಎಂದ ಬಯ್ಯಪ್ಪ, ಕಿವಿಯಿಂದ ಬೀಜ ತೆಗೆಯುತ್ತಾ.

ಆಗಸ್ಟ್ ಬಂತು. ಬೆಂಗಳೂರಿನಲ್ಲಿದ್ದ ಪಿಲ್ಲಮ್ಮನ ಕಡೆಯವರು ವೀಸಾ ಹಾಕಿಸಿ, ಹೊರಡುವ ದಿನ ಹೇಳಿಕಳಿಸಿದರು. ಇಪ್ಪತ್ತೊಂದನೇ ತಾರೀಕು ವಿಮಾನ. ಹತ್ತು ದಿನ ಉಳಿದಿತ್ತು. ಸೀರೆಯ ಬಣ್ಣ ಹೆಗಲ ಹತ್ತಿರ ಕುಗ್ಗಿತ್ತು, ಅಂಚು ಒಂದು ಕಡೆ ಮೆತ್ತಗಾಗಿತ್ತು. ಹಳೆಯದು ಅನ್ನುವ ಹಾಗಿಲ್ಲ, ಹೊಸದು ಅನ್ನುವ ಹಾಗೂ ಇಲ್ಲ. ಅನಸೂಯಮ್ಮ ಹಳೇದು ಅಂದಳು. ಮುನಿಶಾಮಮ್ಮ ಇನ್ನೂ ಇಲ್ಲ ಅಂದಳು. ಗಂಗುಲಮ್ಮ ಮಗಳ ಮಾತನ್ನು ನಂಬಲಿಲ್ಲ. ಅಮ್ಮನನ್ನು ಹೇಗಾದರೂ ವಿಮಾನ ಹತ್ತಿಸಬೇಕು ಅನ್ನುವ ಆಸೆ ಅದರಲ್ಲಿ ಕಾಣುತ್ತಿತ್ತು.

ಹನ್ನೆರಡನೇ ತಾರೀಕು ಬೆಳಿಗ್ಗೆ ಎಂಟು ಗಂಟೆಗೆ ಕೊಂಡಪ್ಪ ಓಡಿಬಂದ. ವರಲಕ್ಷ್ಮಮ್ಮನ ಮಗಳು ಹೆರಿಗೆಗೆಂದು ತವರಿಗೆ ಬಂದಿದ್ದಳು. ಚಿಂತಾಮಣಿಯ ನರ್ಸಿಂಗ್ ಹೋಮಿನಲ್ಲಿ ದಿನ ಗೊತ್ತಾಗಿತ್ತು. ದಿನಕ್ಕಿಂತ ಮೊದಲೇ ನೋವು ಬಂದಿತ್ತು, ಮನೆಯ ಟೆಂಪೊ ಹಣ್ಣು ತುಂಬಿಕೊಂಡು ಮಂಡಿಗೆ ಹೋಗಿತ್ತು. ಗಂಗುಲಮ್ಮ ಇದ್ದ ಸೀರೆಯಲ್ಲೇ, ಪೆಟ್ಟಿಗೆಯಿಂದ ಬಟ್ಟೆ ತುಂಡುಗಳನ್ನು ತೆಗೆದುಕೊಂಡು ಹೊರಟಳು.

ಹನ್ನೊಂದಕ್ಕೆ ಹೆಣ್ಣು ಮಗು. ಸುಲಭದ ಹೆರಿಗೆಯಲ್ಲ, ಬಳ್ಳಿ ಕೊರಳಿಗೆ ಸುತ್ತಿತ್ತು. ಗಂಗುಲಮ್ಮ ಬೆರಳು ತೂರಿಸಿ ಬಿಡಿಸಿದಳು, ಬೆನ್ನು ತಟ್ಟಿದಳು, ಉಸಿರು ಊದಿದಳು. ಕೊನೆಗೆ ಮಗು ಅತ್ತಿತು. ಅತ್ತ ಮೇಲೆ ವರಲಕ್ಷ್ಮಮ್ಮ ಗೋಡೆಗೆ ಒರಗಿ ಕೂತಳು. ಗಂಗುಲಮ್ಮ ಮಗುವನ್ನು ತನ್ನ ಬಟ್ಟೆಯಲ್ಲಿ ಸುತ್ತಿ ತಾಯಿಯ ಪಕ್ಕ ಮಲಗಿಸಿ, ಕೈ ತೊಳೆದು ಹಿತ್ತಲ ಬಾಗಿಲಿಗೆ ಬಂದಳು. ಅಷ್ಟು ಹೊತ್ತಿಗೆ ಸಗಣಿ ಬಕೆಟ್ಟು ಹಿಡಿದು ಕೆಲಸದವಳು ಕಾಯುತ್ತಿರಬೇಕಿತ್ತು. ಆ ದಿನ ಯಾರೂ ಇರಲಿಲ್ಲ. ವರಲಕ್ಷ್ಮಮ್ಮ ಹಿಂದೆಯೇ ಬಂದು ಹೊಸ್ತಿಲ ಮೇಲೆ ಕೂತಳು.

“ಏನು ಬೇಕೋ ಕೇಳೇ.”

ಗಂಗುಲಮ್ಮ ಸ್ವಲ್ಪ ಯೋಚಿಸಿದಳು. ಆಮೇಲೆ ಹೆಗಲ ಮೇಲಿನ ಸೆರಗನ್ನು ಬಿಡಿಸಿ ಮುಂದೆ ಹಿಡಿದಳು.

“ಇದು ಹಳೇದಾಯ್ತಾ ನೋಡಿ ಹೇಳಿ ಅಮ್ಮ.”

“ಏನೇ?”

“ಕೇರೀಲಿ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಯಾವ ಸೀರೆ ಯಾವಾಗ ಕೊಡೋ ಹಂಗಾಯ್ತು ಅಂತ ಈ ಸುತ್ತಮುತ್ತ ನಿಮಗೆ ಗೊತ್ತಿರೋ ಹಂಗೆ ಯಾರಿಗೂ ಗೊತ್ತಿಲ್ಲ.”

ಅದು ಚುಚ್ಚುಮಾತೋ ನಿಜವಾದ ಪ್ರಶ್ನೆಯೋ ವರಲಕ್ಷ್ಮಮ್ಮನಿಗೆ ತಿಳಿಯಲಿಲ್ಲ. ಗಂಗುಲಮ್ಮನ ಮುಖದಲ್ಲಿ ಪ್ರಶ್ನೆಯೇ ಇತ್ತು. ವರಲಕ್ಷ್ಮಮ್ಮ ಕೈ ಚಾಚಿ ಸೆರಗು ಹಿಡಿದಳು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿದಳು. ಬೆಳಕಿಗೆ ಎತ್ತಿ ನೋಡಿದಳು. ಅಂಚನ್ನು ಉಗುರಲ್ಲಿ ಎಳೆದಳು. ತನ್ನ ಬೀರುವಿನ ಮುಂದೆ ನಲವತ್ತು ವರ್ಷ ಮಾಡಿದ ಪರೀಕ್ಷೆ. ಅದನ್ನು ಗಂಗುಲಮ್ಮ ಕಣ್ಣಾರೆ ನೋಡಿದ್ದು ಅದೇ ಮೊದಲು. ಬಟ್ಟೆಯ ಆ ತುದಿ ವರಲಕ್ಷ್ಮಮ್ಮನ ಕೈಯಲ್ಲಿತ್ತು, ಈ ತುದಿ ಗಂಗುಲಮ್ಮನ ಮೈಮೇಲಿತ್ತು. ಇಬ್ಬರಿಗೂ ಅದರ ಮೇಲೆ ಗಮನವಿರಲಿಲ್ಲ.

“ಹೆಗಲ ಹತ್ರ ಸವೆದಿದೆ. ಒಡಲು ಇನ್ನೂ ಗಟ್ಟಿ. ಇದನ್ನ ನಾನಾಗಿದ್ರೆ ಇನ್ನೂ ಎರಡು ವರ್ಷ ಉಡ್ತಿದ್ದೆ. ಕೊಡ್ತಿರಲಿಲ್ಲ.”

“ಅಂದ್ರೆ ನಂಗೆ ಕೊಡ್ತಿದ್ದ ಸೀರೆಗಳು ಇದಕ್ಕಿಂತ ಹಳೇವಾ ಅಮ್ಮ?”

ಒಳಗೆ ಮಗು ಒಂದು ಸಲ ಅತ್ತು ಸುಮ್ಮನಾಯಿತು. ವರಲಕ್ಷ್ಮಮ್ಮ ಸೆರಗು ಬಿಡಲಿಲ್ಲ. ನೆಲ ನೋಡುತ್ತಾ ಹೇಳಿದಳು:

“ಹೂಂ ಕಣೇ. ಹಳೇವು. ಬಿಸಾಕಬೇಕಾಗಿದ್ದವು.”

ಅಷ್ಟು ವರ್ಷ ಯಾರ ಬಾಯಿಂದಲೂ ಬಾರದ ಮಾತು ಅದು. ದಾನ ಅಂದಿದ್ದರು, ಪದ್ಧತಿ ಅಂದಿದ್ದರು, ನಿನ್ನ ಹಕ್ಕು ಅಂತಲೂ ಅಂದಿದ್ದರು. ಗಂಗುಲಮ್ಮನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಒಂದು ಬಗೆಯ ಹಗುರ. ತಾನು ಹನ್ನೆರಡು ವರ್ಷ ಹಿಡಿದದ್ದು ಕೊಬ್ಬಲ್ಲ ಅನ್ನುವುದಕ್ಕೆ ಊರಿನೊಳಗಿಂದಲೇ ಒಂದು ಸಾಕ್ಷಿ ಸಿಕ್ಕಿತ್ತು.

“ಬಿಡಿ ಅಮ್ಮ, ಸೆರಗು ಕೊಡಿ. ಹೋಗಿ ಸ್ನಾನ ಮಾಡಬೇಕು” ಅಂದಳು.

“ಕೂತ್ಕೊಳೇ, ಕಾಫಿ ಕುಡಿದು ಹೋಗು.”

“ಯಾವ ಲೋಟದಲ್ಲಿ?”

ವರಲಕ್ಷ್ಮಮ್ಮ ಅಡುಗೆಮನೆಯ ಕಡೆ ತಿರುಗಿ ನೋಡಿದಳು. ಆಮೇಲೆ, “ಇರೋ ಲೋಟದಲ್ಲಿ ಕಣೇ. ಪ್ರಾಣ ತಿನ್ನಬೇಡ” ಎಂದು ಎದ್ದು ಒಳಗೆ ಹೋದಳು. ಗಂಗುಲಮ್ಮ ಕೂತಳು.

ಮನೆಗೆ ಬಂದು ಸೀರೆ ಒಗೆದು ಹಾಕುವಾಗ ಅವಳಿಗೆ ಇನ್ನೊಂದು ಚಿಂತೆ ಹತ್ತಿತು. ಎರಡು ವರ್ಷ ಬರುವ ಸೀರೆ ಅಂತ ಬಲ್ಲವರೇ ಹೇಳಿಯಾಯಿತು. ಅಂಥದ್ದನ್ನು ಬಿಸಾಕುವುದು ಹೇಗೆ? ಬಿಸಾಕುವ ಬಟ್ಟೆಯಲ್ಲಿ ಬರಬೇಕು ಅನ್ನುವುದೇ ಆ ಹಬ್ಬದ ಕಟ್ಟಳೆಯಾದರೆ, ತಾನು ಅಷ್ಟು ದೂರ ಹೋಗಿ ಬೀದಿಯ ಪಕ್ಕದಲ್ಲಿ ನಿಲ್ಲಬೇಕಾಗುತ್ತೆ. ಪಿಲ್ಲಮ್ಮನ ಕೈ ಹಿಡಿಯುವವರು ಯಾರು? ಹೋಗಿ ನಿಂತ ಮೇಲೆ ಮುಖ ಸಣ್ಣದು ಮಾಡಿಕೊಳ್ಳುವುದಕ್ಕಿಂತ ಮೊದಲೇ ಕೇಳಿಬಿಡಬೇಕು.

ಮಾರನೆಯ ಮಧ್ಯಾಹ್ನ ತಾಯಿ ಮಗಳು ಚಿಂತಾಮಣಿ ಬಸ್‌ಸ್ಟ್ಯಾಂಡ್ ಎದುರಿನ ಫೋನ್ ಬೂತಿಗೆ ಹೋದರು. ಗಾಜಿನ ಡಬ್ಬಿಯಂಥ ಕೋಣೆ, ಒಬ್ಬರಿಗೆ ಮಾತ್ರ ಜಾಗ, ಇಬ್ಬರೂ ತೂರಿಕೊಂಡರು. ಅನಸೂಯಮ್ಮ ಕಾಗದದಲ್ಲಿದ್ದ ಉದ್ದನೆಯ ನಂಬರು ಒತ್ತಿದಳು. ಮೂರನೇ ಸಲಕ್ಕೆ ಸಿಕ್ಕಿತು.

“ಪಿಲ್ಲಮ್ಮ, ನಾನು ಗಂಗುಲು.”

ಆ ಕಡೆಯಿಂದ ಏನೋ ಅವರ ಭಾಷೆಯಲ್ಲಿ ಕೂಗಿದ್ದು ಕೇಳಿಸಿತು, ಆಮೇಲೆ ಕನ್ನಡ. “ಗಂಗುಲು, ನೀನು ಹೆಂಗಿದೀಯ? ಬರ್ತೀಯ ತಾನೆ?”

“ಬರೋದು ಬರ್ತೀನಿ ಕಣಮ್ಮ. ಸೀರೆದು ಒಂದು ಮಾತು ಕೇಳಬೇಕಿತ್ತು. ಬಿಸಾಕೋ ಹಂಗಾಗಿಲ್ಲ ಅದು. ಮೂರು ತಿಂಗಳು ಉಟ್ಟೆ, ಆಗಲಿಲ್ಲ.”

“ಯಾವ ಸೀರೆ?”

“ನೀನೇ ಬರೆದಿದ್ಯಲ್ಲ, ಹಳೇ ಬಟ್ಟೆ ತಗೊಂಡು ಬಾ ಅಂತ.”

“ನಾನು ಬರೆದೆನಾ?”

ಗಂಗುಲಮ್ಮ ಹೇಳಿದಳು. ಕಿವಿಯಲ್ಲಿ ತನ್ನ ದನಿಯೇ ಒಂದು ಕ್ಷಣ ತಡವಾಗಿ ವಾಪಸು ಬರುತ್ತಿದ್ದರೂ ಬಿಡದೆ ಹೇಳಿದಳು. ಹುಣಿಸೆಮರದ ಮಾತು, ಜವಳಿ ಅಂಗಡಿ, ಇಟ್ಟಿಗೆ ಚೂರು, ಹೊಸ್ತಿಲ ಮೇಲೆ ವರಲಕ್ಷ್ಮಮ್ಮ ಅಂದದ್ದು. ಮೊದಮೊದಲು ಆ ಕಡೆಯಿಂದ ನಗು ಕೇಳಿಸುತ್ತಿತ್ತು. ಆಮೇಲೆ ನಿಂತಿತು. ಲೈನು ಹೋಯಿತೇನೋ ಅಂದುಕೊಂಡು ಅನಸೂಯಮ್ಮ ಬೂತಿನವನ ಕಡೆ ನೋಡಿದಳು.

“ಗಂಗುಲು.”

“ಹೇಳಮ್ಮ.”

“ನಾನು ಯೋಚನೆ ಮಾಡದೆ ಬರೆದೆ. ಎಲ್ಲರಿಗೂ ಬರೆಯೋ ಹಾಗೆ ನಿನಗೂ ಬರೆದೆ. ತಪ್ಪಾಯಿತು.”

“ಏ ಬಿಡು, ಅದಕ್ಕೇನೀಗ. ಬಿಸಾಕದೆ ಇರೋರನ್ನ ಒಳಗೆ ಬಿಡ್ತಾರಾ ಹೇಳು.”

“ಬಿಡ್ತಾರೆ. ಹಬ್ಬ ಆದ ಮೇಲೆ ಪೈಪಲ್ಲಿ ನೀರು ಬಿಟ್ಟು ಬೀದಿ ತೊಳೀತಾರೆ, ಜನಾನೂ ತೊಳೀತಾರೆ.”

“ಹಂಗಾದ್ರೆ ಸರಿ. ಒಗೆದು ವಾಪಸ್ ತರ್ತೀನಿ. ಇನ್ನೂ ಎರಡು ವರ್ಷ ಉಡಬೇಕು ಅದನ್ನ.” ಗಂಗುಲಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. “ಒಗೆಯೋ ಕಲ್ಲು ಇದೆಯಾ ನಿಮ್ಮನೆ ಹತ್ರ?”

“ಇಲ್ಲ ಗಂಗುಲು. ಮಿಷನ್ ಇದೆ.”

“ಮಿಷನ್ನಿಗೆ ಹಾಕಬೇಡ” ಅಂದಳು ಗಂಗುಲಮ್ಮ. “ನಾನು ಬರ್ತೀನಲ್ಲ, ಕಲ್ಲು ಹುಡುಕೋಣ.”